ಕುಂತಳಪುರದ ಓಲೆ ಮತ್ತು ವಿಮಾನದ ಗೂಢಲಿಪಿ

ಸೊರಬ ತಾಲ್ಲೂಕಿನ ಆನವಟ್ಟಿಗೆ ತೀರ ಸಮೀಪದಲ್ಲಿರುವ ಕುಬಟೂರು ಶಾಸನಾಧ್ಯಯನಿಗಳಿಗೂ ವಾಸ್ತುಶಿಲ್ಪದ ಆಸಕ್ತರಿಗೂ ಪರಿಚಿತವಾದ ಊರು. ಕ್ರಿ.ಶ. 1100ರ ಸುಮಾರಿನ ಕೈಟಭೇಶ್ವರ ದೇವಾಲಯವೇ ಈ ಪರಿಚಯಕ್ಕೆ ಮುಖ್ಯ ಕಾರಣ. ಜಾನಪದ ಕ್ಷೇತ್ರದವರಿಗೆ ಈ ಊರು ಮುಖ್ಯವಾಗುವುದು ಬೇರೊಂದು ಕಾರಣಕ್ಕೆ. ಚಂದ್ರಹಾಸನ ಕಥೆಯಲ್ಲಿ ಬರುವ ಕುಂತಳಪುರವೇ ಈ ಕುಬಟೂರು ಎಂಬ ಐತಿಹ್ಯ ಈ ಸೀಮೆಯಲ್ಲಿ ಬಹುಕಾಲದಿಂದ ಉಳಿದುಬಂದಿದೆ. ಐತಿಹ್ಯವನ್ನು ಇತಿಹಾಸವೆಂದು ಸಾಧಿಸುವುದು ಇಲ್ಲಿನ ಉದ್ದೇಶವಲ್ಲ. ಒಂದು ಗುಟ್ಟಿನ ಓಲೆಯ ಕಥೆ ಒಂದು ನಿರ್ದಿಷ್ಟ ನೆಲಕ್ಕೆ ಅಂಟಿಕೊಂಡಿದೆ ಎಂಬಷ್ಟೇ ಸಂಗತಿ ನಮಗೆ ಸಾಕು. ಏಕೆಂದರೆ, ಆ ಓಲೆ ಎತ್ತುವ ಪ್ರಶ್ನೆಯೂ ಇದೇ ರಾಜ್ಯದ ರಾಜಧಾನಿಯಲ್ಲಿ ವಿಮಾನಗಳ ಹಾರಾಟಯೋಗ್ಯತೆಯನ್ನು ಪರೀಕ್ಷಿಸುವವರ ಮುಂದಿರುವ ಪ್ರಶ್ನೆಯೂ ಬಹುಮಟ್ಟಿಗೆ ಒಂದೇ ಆಗಿವೆ. ಗುಟ್ಟನ್ನು ಹೊತ್ತು ಸಾಗುವ ವಾಹಕದ ಕ್ಷೇಮವನ್ನು, ಆ ಗುಟ್ಟನ್ನು ತೆರೆದು ನೋಡದೆಯೇ ಖಚಿತಪಡಿಸಿಕೊಳ್ಳುವುದು ಹೇಗೆ? ಜಾನಪದದವರು ವಿಮಾನದ ವಿಷಯಕ್ಕೆ ಕೈಹಾಕುವುದು ಅಧಿಕಪ್ರಸಂಗವೆಂದು ತೋರಬಹುದು. ಆದರೆ ಸಂದೇಶ, ಸಂದೇಶವಾಹಕ ಮತ್ತು ನಂಬಿಕೆಯ ಚರಿತ್ರೆ ಯಾವುದೊಂದು ಶಾಸ್ತ್ರದ ಸ್ವತ್ತಲ್ಲ.

ಕಥೆಯ ಮುಖ್ಯಭಾಗವನ್ನು ನೆನಪಿಸಿಕೊಳ್ಳಬೇಕು. ಕುಂತಳದ ಮಂತ್ರಿ ದುಷ್ಟಬುದ್ಧಿಯು ಚಂದನಾವತಿಯಲ್ಲಿ ಬೆಳೆದ ಚಂದ್ರಹಾಸನನ್ನು ಗುರುತಿಸಿ, ಅವನನ್ನು ಕೊಲ್ಲಿಸುವ ಹವಣಿಕೆಯಿಂದ ತನ್ನ ಮಗ ಮದನನಿಗೆ ಒಂದು ಓಲೆಯನ್ನು ಬರೆದು, ಅದನ್ನು ಚಂದ್ರಹಾಸನ ಕೈಯಲ್ಲಿಯೇ ಕೊಟ್ಟು ಕಳುಹಿಸುತ್ತಾನೆ. ಊರ ಹೊರಗಿನ ಉದ್ಯಾನದಲ್ಲಿ ಚಂದ್ರಹಾಸ ದಣಿದು ಮಲಗಿರುವಾಗ ಮಂತ್ರಿಯ ಮಗಳು ವಿಷಯೆ ಓಲೆಯನ್ನು ಬಿಚ್ಚಿ ಓದುತ್ತಾಳೆ. ‘ವಿಷ’ವನ್ನು ಕೊಡಬೇಕೆಂದಿದ್ದುದು ಅವಳ ತಿದ್ದುಪಡಿಯಿಂದ ‘ವಿಷಯೆ’ಯನ್ನು ಕೊಡಬೇಕೆಂದಾಗುತ್ತದೆ. ಕಥೆಯ ಜನಪ್ರಿಯ ನಿರೂಪಣೆಗಳಲ್ಲಿ ಈ ತಿದ್ದುಪಡಿಗೆ ಬಳಕೆಯಾಗುವುದು ಅವಳ ಕಣ್ಣಿನ ಕಾಡಿಗೆ. ಲಕ್ಷ್ಮೀಶನ ಜೈಮಿನಿ ಭಾರತದ ಮೂಲಕವೂ ಯಕ್ಷಗಾನ ಪ್ರಸಂಗಗಳ ಮೂಲಕವೂ ಈ ಸನ್ನಿವೇಶ ಕನ್ನಡಿಗರ ಮನಸ್ಸಿನಲ್ಲಿ ನೆಲೆಯೂರಿದೆ.

ಜಾನಪದ ಅಧ್ಯಯನದ ಪರಿಭಾಷೆಯಲ್ಲಿ ಇದು ಜಗತ್ತಿನಾದ್ಯಂತ ಹರಡಿರುವ ಆಶಯ. ಸ್ಟಿತ್ ಥಾಂಪ್ಸನ್‌ನ ಆಶಯಸೂಚಿಯಲ್ಲಿ ತನ್ನ ಮರಣದ ಆಜ್ಞೆಯನ್ನು ತಾನೇ ಹೊತ್ತೊಯ್ಯುವವನ ಓಲೆ ಕೆ 978ನೆಯದು. ಆ ಓಲೆಯನ್ನು ತಿದ್ದುವುದು ಕೆ 511ನೆಯದು. ಬೈಬಲಿನಲ್ಲಿ ದಾವೀದನು ಊರೀಯನ ಕೈಯಲ್ಲಿ ಯೋವಾಬನಿಗೆ ಕಳುಹಿಸಿದ ಪತ್ರ, ಹೋಮರನ ಇಲಿಯಡ್‌ನ ಆರನೆಯ ಸರ್ಗದಲ್ಲಿ ಬೆಲೆರೊಫೋನ್ ಹೊತ್ತೊಯ್ದ ಮಡಿಸಿದ ಹಲಗೆ, ಷೇಕ್ಸ್‌ಪಿಯರನ ಹ್ಯಾಮ್ಲೆಟ್ ಹಡಗಿನಲ್ಲಿ ಬದಲಿಸಿದ ರಾಜಪತ್ರ ಇವೆಲ್ಲ ಈ ಕುಟುಂಬಕ್ಕೆ ಸೇರಿದವು. ಇವುಗಳನ್ನು ಸಾಮಾನ್ಯವಾಗಿ ವಿಧಿ ಮತ್ತು ದೈವಕೃಪೆಯ ಕಥೆಗಳೆಂದು ವ್ಯಾಖ್ಯಾನಿಸಲಾಗುತ್ತದೆ. ಸಂಪರ್ಕದ ದೃಷ್ಟಿಯಿಂದ ನೋಡಿದರೆ ಬೇರೊಂದು ಸಂಗತಿ ಎದ್ದುಕಾಣುತ್ತದೆ. ದುಷ್ಟಬುದ್ಧಿಯ ಓಲೆಗೆ ಗುಟ್ಟಿತ್ತು, ಆದರೆ ಅದು ತಿದ್ದಲ್ಪಟ್ಟಿಲ್ಲವೆಂಬುದಕ್ಕೆ ಆಧಾರವಿರಲಿಲ್ಲ. ಓದಲಾಗದಂತೆ ಮಾಡುವುದು ಒಂದು, ತಿದ್ದಲಾಗದಂತೆ ಮಾಡುವುದು ಇನ್ನೊಂದು, ಹೊತ್ತವನು ಸುರಕ್ಷಿತವಾಗಿ ತಲಪುವುದು ಮತ್ತೊಂದು. ಈ ಮೂರನ್ನೂ ಒಂದೇ ಎಂದು ಭಾವಿಸುವುದರಿಂದಲೇ ಗೊಂದಲ ಹುಟ್ಟುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರ ಚಾರರ ಸಂದರ್ಭದಲ್ಲಿ ಸಂಜ್ಞಾಲಿಪಿಯನ್ನು ಹೇಳುತ್ತದೆ. ವಾತ್ಸ್ಯಾಯನ ಅರವತ್ತನಾಲ್ಕು ಕಲೆಗಳಲ್ಲಿ ಮ್ಲೇಚ್ಛಿತವಿಕಲ್ಪವನ್ನು ಎಣಿಸುತ್ತಾನೆ. ಇವನ್ನು ಮುಂದಿಟ್ಟುಕೊಂಡು ನಮ್ಮ ಪೂರ್ವಿಕರಿಗೆ ಆಧುನಿಕ ಗೂಢಲಿಪಿಶಾಸ್ತ್ರವೆಲ್ಲ ತಿಳಿದಿತ್ತೆಂದು ವಾದಿಸುವ ಹುರುಪು ಈಚೆಗೆ ಹೆಚ್ಚಾಗಿದೆ. ಅದಕ್ಕೆ ಆಧಾರವಿಲ್ಲ. ಪ್ರಶ್ನೆ ಹಳೆಯದು, ಉತ್ತರಗಳು ಹೊಸವು.

ಹೀಗಿದ್ದೂ, ಉತ್ತರದ ಒಂದು ಎಳೆ ನಮ್ಮ ಜನಪದ ವ್ಯವಹಾರದಲ್ಲಿ ಕಾಣಸಿಗುತ್ತದೆ. ಹೋರಿ ಬೆದರಿಸುವ ಹಬ್ಬಕ್ಕೆ ಹೆಸರಾದ ಸೊರಬ, ಶಿಕಾರಿಪುರ, ಹಾವೇರಿ ಸೀಮೆ ದನಕರುಗಳ ತಿಳಿವಳಿಕೆಯಲ್ಲಿ ನುರಿತದ್ದು. ದನದ ಸಂತೆಯಲ್ಲಿ ಎತ್ತಿನ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ದಲ್ಲಾಳಿಯೂ ಕೊಳ್ಳುವವನೂ ಟವೆಲಿನ ಅಡಿಯಲ್ಲಿ ಕೈಗೆ ಕೈ ಸೇರಿಸಿ, ಬೆರಳುಗಳನ್ನು ಹಿಡಿದು ಒತ್ತಿ ಲೆಕ್ಕವನ್ನು ತಿಳಿಸುತ್ತಾರೆ. ಸುತ್ತ ನಿಂತವರಿಗೆ ಮುಖದ ಭಾವದ ಹೊರತು ಬೇರೇನೂ ದಕ್ಕದು. ಆದರೆ ಅದೇ ಎತ್ತಿನ ಹಲ್ಲು, ಸುಳಿ, ಗೊರಸು, ನಡಿಗೆಗಳ ಪರೀಕ್ಷೆ ನಡುಹಗಲಲ್ಲಿ, ಎಲ್ಲರ ಕಣ್ಣೆದುರು ನಡೆಯುತ್ತದೆ. ಎರಡು ಹಲ್ಲಿನದೋ, ನಾಲ್ಕು ಹಲ್ಲಿನದೋ, ಬಾಯಿಗೂಡಿದ್ದೋ ಎಂಬುದನ್ನು ಯಾರು ಬೇಕಾದರೂ ಬಾಯಿ ತೆರೆಸಿ ನೋಡಬಹುದು. ಟವೆಲಿನ ಅಡಿಯ ಮಾತಿಗೂ ಹಲ್ಲಿನ ಎಣಿಕೆಗೂ ಸಂಬಂಧವಿಲ್ಲದಿರುವುದೇ ಈ ವ್ಯವಸ್ಥೆಯ ಬಲ. ಬೆಲೆ ಗುಟ್ಟಾಗಿದ್ದರೂ ಎತ್ತಿನ ಪರೀಕ್ಷೆ ಗುಟ್ಟಾಗುವುದಿಲ್ಲ. ಎತ್ತನ್ನು ಪರೀಕ್ಷಿಸುವವನಿಗೆ ಬೆಲೆ ತಿಳಿಯಬೇಕಾದ ಅಗತ್ಯವೂ ಇಲ್ಲ. ವಿಮಾನದ ಗೂಢಲಿಪಿಯ ವಿಷಯದಲ್ಲಿ ತಂತ್ರಜ್ಞರು ಹಲವು ದಶಕಗಳ ಕಾಲ ಹುಡುಕಿದ್ದು ಇಂಥದೇ ಒಂದು ಏರ್ಪಾಟನ್ನು.

ಇದು ನಡೆದ ಹಿನ್ನೆಲೆಯಲ್ಲಿ ಬೆಂಗಳೂರಿನ ಪಾತ್ರವನ್ನು ಗಮನಿಸಬೇಕು. 1940ರ ಡಿಸೆಂಬರಿನಲ್ಲಿ ಮೈಸೂರು ಸಂಸ್ಥಾನದ ನೆರವಿನೊಡನೆ ವಾಲ್‌ಚಂದ್ ಹೀರಾಚಂದ್ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ 1964ರಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ (ಎಚ್.ಎ.ಎಲ್.) ಆಯಿತು. 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ (ಬಿ.ಇ.ಎಲ್.), 1984ರಲ್ಲಿ ವೈಮಾನಿಕ ಅಭಿವೃದ್ಧಿ ಸಂಸ್ಥೆ (ಎ.ಡಿ.ಎ.) ಇಲ್ಲಿಯೇ ಹುಟ್ಟಿದವು. ದೇಶದ ಸೈನಿಕ ವಿಮಾನಗಳಿಗೆ ಹಾರಾಟಯೋಗ್ಯತೆಯ ಪ್ರಮಾಣ ನೀಡುವ ಸೆಮಿಲಾಕ್ ಎಂಬ ಕೇಂದ್ರವೂ ಬೆಂಗಳೂರಿನಲ್ಲಿದೆ. ಗೂಢಲಿಪಿಯ ಗಟ್ಟಿತನವನ್ನು ವಿಶ್ಲೇಷಿಸುವ ಕೆಲಸ ರಕ್ಷಣಾ ಸಂಶೋಧನಾ ಸಂಘಟನೆಯ ದೆಹಲಿಯ ವೈಜ್ಞಾನಿಕ ವಿಶ್ಲೇಷಣಾ ಸಮೂಹದ್ದು. ಹೀಗೆ ಒಂದೇ ಪೆಟ್ಟಿಗೆ ಇಬ್ಬರು ಪರೀಕ್ಷಕರ ಮುಂದೆ ನಿಲ್ಲಬೇಕಾಗುತ್ತದೆ. ಒಬ್ಬರು ಕೇಳುವುದು ‘ಇದನ್ನು ಶತ್ರು ಬಿಡಿಸಬಲ್ಲನೆ?’ ಎಂದು, ಇನ್ನೊಬ್ಬರು ಕೇಳುವುದು ‘ಇದು ಕೆಟ್ಟರೆ ವಿಮಾನ ಬೀಳುತ್ತದೆಯೆ?’ ಎಂದು.

ಎರಡನೆಯ ಪ್ರಶ್ನೆಗೆ ಉತ್ತರಿಸುವ ವಿಧಾನ ಅತ್ಯಂತ ಶ್ರಮದ್ದು. ವಿಮಾನದ ತಂತ್ರಾಂಶಕ್ಕೆ ಜಗತ್ತಿನಲ್ಲಿ ಬಹುತೇಕ ಒಪ್ಪಿತವಾದ ಮಾರ್ಗದರ್ಶಿ ಡಿ.ಓ.-178. ಇದರ ‘ಬಿ’ ಆವೃತ್ತಿ 1992ರಲ್ಲಿ, ‘ಸಿ’ ಆವೃತ್ತಿ 2011ರಲ್ಲಿ ಬಂದವು. ಕೆಟ್ಟರೆ ದುರಂತವೇ ಆಗುವಂತಹ ತಂತ್ರಾಂಶ ‘ಎ’ ದರ್ಜೆಯದು. ಕೆಟ್ಟರೂ ಹಾರಾಟಕ್ಕೆ ಬಾಧೆಯಿಲ್ಲದ್ದು ‘ಇ’ ದರ್ಜೆಯದು. ‘ಸಿ’ ಆವೃತ್ತಿಯಂತೆ ‘ಎ’ ದರ್ಜೆಗೆ 71 ಗುರಿಗಳನ್ನು ಸಾಧಿಸಿ ತೋರಿಸಬೇಕು. ‘ಡಿ’ ದರ್ಜೆಗೆ 26 ಸಾಕು. ‘ಇ’ ದರ್ಜೆಗೆ ಏನೂ ಬೇಡ. ಮೇಲಿನ ದರ್ಜೆಯಲ್ಲಿ ಪ್ರತಿಯೊಂದು ಸಾಲು ಸಂಕೇತವೂ ಯಾವ ಅಗತ್ಯದಿಂದ ಹುಟ್ಟಿತು, ಅದನ್ನು ಯಾವ ಪರೀಕ್ಷೆಯಿಂದ ಒರೆಗೆ ಹಚ್ಚಲಾಯಿತು ಎಂಬುದಕ್ಕೆ ದಾಖಲೆ ಬೇಕು.

ಗೂಢಲಿಪಿ ಇಲ್ಲಿ ಮೂರು ಬಗೆಯಲ್ಲಿ ತೊಡಕಾಗುತ್ತದೆ. ಮೊದಲನೆಯದು ಸರಳ: ಪರೀಕ್ಷಕನು ಎಲ್ಲವನ್ನೂ ತೆರೆದಿಡು ಎನ್ನುತ್ತಾನೆ, ಗೂಢಲಿಪಿಯ ಒಡೆಯ ಏನನ್ನೂ ತೋರಿಸಲಾರೆನೆನ್ನುತ್ತಾನೆ. ಗುಟ್ಟು ಕೀಲಿಯಲ್ಲಿರಬೇಕೇ ಹೊರತು ವಿಧಾನದಲ್ಲಲ್ಲವೆಂದು 1883ರಲ್ಲಿಯೇ ಕೆರ್ಕ್‌ಹಾಫ್ಸ್ ಹೇಳಿದ್ದನು. 2001ರಲ್ಲಿ ಅಮೆರಿಕದಲ್ಲಿ ಅಂಗೀಕೃತವಾದ ಎ.ಇ.ಎಸ್. ಎಂಬ ಗೂಢಲಿಪಿಯ ವಿಧಾನ ಸಂಪೂರ್ಣ ಬಹಿರಂಗವಾಗಿದೆ. ಆದರೂ ಸೇನೆಗಳು ವಿಧಾನವನ್ನೂ ಬಚ್ಚಿಡುವ ಅಭ್ಯಾಸವನ್ನು ಬಿಟ್ಟಿಲ್ಲ. ಎರಡನೆಯದು ಕಾಲಕ್ಕೆ ಸಂಬಂಧಿಸಿದ್ದು. ಹಾರಾಟದ ತಂತ್ರಾಂಶ ಒಮ್ಮೆ ಪ್ರಮಾಣಿತವಾದ ಮೇಲೆ ಕದಲಬಾರದು, ಕದಲಿದರೆ ಮತ್ತೆ ಪರೀಕ್ಷೆ. ಗೂಢಲಿಪಿಯಾದರೋ ಶತ್ರುವಿನ ಸಾಮರ್ಥ್ಯ ಬೆಳೆದಂತೆಲ್ಲ ಬದಲಾಗುತ್ತಲೇ ಇರಬೇಕು. ವಿಮಾನ ಮೂವತ್ತು-ನಲವತ್ತು ವರ್ಷ ಬಾಳುವ ವಸ್ತು. ಗೂಢಲಿಪಿಗೆ ಅಷ್ಟು ಆಯುಷ್ಯವಿಲ್ಲ. ಮೂರನೆಯದು ಇವೆರಡಕ್ಕಿಂತಲೂ ಆಳವಾದುದು. ಸಂಶಯ ಬಂದೊಡನೆ ಕೀಲಿಯನ್ನು ಅಳಿಸಿಹಾಕಿ ಮೌನವಾಗಬೇಕೆಂಬುದು ಗೂಢಲಿಪಿ ಯಂತ್ರದ ಧರ್ಮ. ಯಾವ ಸಂಕಟದಲ್ಲಿಯೂ ಕೆಲಸ ನಿಲ್ಲಿಸಬಾರದೆಂಬುದು ಹಾರಾಟ ಯಂತ್ರದ ಧರ್ಮ. ಒಂದೇ ಪೆಟ್ಟಿಗೆಯಲ್ಲಿ ಈ ಎರಡು ಧರ್ಮಗಳನ್ನು ಕೂಡಿಸಿದರೆ ಯಾವುದು ಮೊದಲು ಸೋಲಬೇಕೆಂಬುದನ್ನು ತೀರ್ಮಾನಿಸುವವರು ಯಾರು?

ನಾಗರಿಕ ವಿಮಾನಯಾನ ಈ ಪ್ರಶ್ನೆಯನ್ನು ಬಹುಕಾಲ ಎದುರಿಸಲೇ ಇಲ್ಲ. 1978ರಲ್ಲಿ ಬಳಕೆಗೆ ಬಂದ ಎಕಾರ್ಸ್ ಎಂಬ ಸಂದೇಶ ವ್ಯವಸ್ಥೆ ಬಹುಮಟ್ಟಿಗೆ ತೆರೆದ ಓಲೆಯೇ. ಸೂಕ್ತ ಗ್ರಾಹಕವಿದ್ದವರು ಯಾರಾದರೂ ಓದಬಲ್ಲರು. ವಿಮಾನ ತಾನಿರುವ ಸ್ಥಾನವನ್ನು ಸಾರುವ ಎ.ಡಿ.ಎಸ್.-ಬಿ. ಕೂಡ ಹಾಗೆಯೇ. ಇದರಲ್ಲಿ ಅಜಾಗರೂಕತೆಯಷ್ಟೇ ಅಲ್ಲದೆ ಒಂದು ವಿವೇಕವೂ ಇತ್ತೆಂಬುದನ್ನು ಮರೆಯಲಾಗದು. ಆಪತ್ತಿನಲ್ಲಿರುವವನ ಕೂಗು ಯಾರಿಗಾದರೂ ಕೇಳಿಸಬೇಕು. ಅದಕ್ಕಾಗಿಯೇ 121.5 ಮೆಗಾಹರ್ಟ್ಸ್, ಸೈನಿಕ ವಿಮಾನಗಳಲ್ಲಿ 243 ಮೆಗಾಹರ್ಟ್ಸ್ ಆವರ್ತಾಂಕಗಳನ್ನು ಆಪತ್ಕಾಲದ ಮಾತಿಗೆ ಮೀಸಲಿಟ್ಟು, ಅವುಗಳನ್ನು ಗೂಢಲಿಪಿಯಿಂದ ಹೊರಗಿಡಲಾಗಿದೆ.

ಸೈನಿಕ ವಿಮಾನಗಳಲ್ಲಿ ಮೊದಲು ಕಂಡುಕೊಂಡ ಪರಿಹಾರ ಪೆಟ್ಟಿಗೆಗಳನ್ನೇ ಬೇರ್ಪಡಿಸುವುದು. ಬಿಡಿಸಿದ ಸಂದೇಶ ಹರಿಯುವ ತಂತಿಗಳ ಭಾಗಕ್ಕೆ ‘ಕೆಂಪು’ ಎಂದೂ, ಗೂಢಲಿಪಿಯಾದ ಮೇಲೆ ಹರಿಯುವ ಭಾಗಕ್ಕೆ ‘ಕಪ್ಪು’ ಎಂದೂ ಹೆಸರಿಟ್ಟು, ಎರಡರ ನಡುವೆ ಗೂಢಲಿಪಿಯ ಯಂತ್ರವೊಂದನ್ನೇ ಸೇತುವೆಯಾಗಿ ನಿಲ್ಲಿಸುವ ಪದ್ಧತಿ ಬೆಳೆಯಿತು. ಹಾರಾಟ ನಿಯಂತ್ರಣದ ಗಣಕ ಇವೆರಡಕ್ಕೂ ಹೊರಗು. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಬಾರಿಗೆ ಹಾರಿದ, 2003ರಲ್ಲಿ ತೇಜಸ್ ಎಂದು ನಾಮಕರಣಗೊಂಡ ಹಗುರ ಯುದ್ಧವಿಮಾನದಲ್ಲಿ ಹಾರಾಟ ನಿಯಂತ್ರಣದ ಗಣಕ ನಾಲ್ಮಡಿ ವ್ಯವಸ್ಥೆಯದು. ಕಾರ್ಯಾಚರಣೆಯ ಗಣಕ ಅದರಿಂದ ಬೇರೆ. ಆದರೆ ಪೆಟ್ಟಿಗೆ ಹೆಚ್ಚಿದಷ್ಟೂ ತೂಕ, ತಂತಿ, ತಂಪುಗೊಳಿಸುವ ವ್ಯವಸ್ಥೆ ಎಲ್ಲವೂ ಹೆಚ್ಚುತ್ತವೆ. ಯುದ್ಧವಿಮಾನದಲ್ಲಿ ಅಷ್ಟು ಜಾಗವೆಲ್ಲಿ?

ಹಲವು ಪೆಟ್ಟಿಗೆಗಳ ಕೆಲಸವನ್ನು ಒಂದೇ ಗಣಕದೊಳಗೆ ತಂದು, ಪೆಟ್ಟಿಗೆಗಳ ನಡುವಣ ಅಂತರವನ್ನು ಮಾತ್ರ ಉಳಿಸಿಕೊಳ್ಳಲು ಸಾಧ್ಯವೇ ಎಂಬ ವಿಚಾರವನ್ನು 1981ರಲ್ಲಿ ಜಾನ್ ರಶ್‌ಬಿ ಎಂಬ ವಿದ್ವಾಂಸ ಮಂಡಿಸಿದನು. ಗಣಕದ ತಳದಲ್ಲಿ ತೀರ ಚಿಕ್ಕದಾದ ಒಂದು ತಂತ್ರಾಂಶವಿದ್ದು, ಬೇರ್ಪಡಿಸುವುದೊಂದೇ ಅದರ ಕೆಲಸವಾಗಿರಬೇಕು. ಒಂದು ಭಾಗದಲ್ಲಿ ನಡೆಯುವುದು ಇನ್ನೊಂದಕ್ಕೆ, ಅವು ಬೇರೆ ಬೇರೆ ಯಂತ್ರಗಳಲ್ಲಿ ಇದ್ದಾಗ ತಿಳಿಯದಷ್ಟೇ ಮಟ್ಟಿಗೆ, ತಿಳಿಯಬಾರದು. ನಮ್ಮ ಅಂಕಣದ ಮನೆಗೆ ಇದನ್ನು ಹೋಲಿಸಬಹುದು. ಮಾಡು ಒಂದೇ, ಅಂಕಣಗಳು ಹಲವು. ಆದರೆ ಇಲ್ಲಿ ಅಂಕಣಗಳ ನಡುವೆ ಗೋಡೆಯಿದೆ, ಬಾಗಿಲು ಎಲ್ಲಿರಬೇಕೆಂಬುದು ಮೊದಲೇ ಗೊತ್ತುಮಾಡಿದ್ದು. ಇದೇ ವಿಚಾರ ಸುರಕ್ಷತೆಯ ಕಡೆಯಿಂದ 1990ರ ದಶಕದಲ್ಲಿ ಏರಿಂಕ್-653 ಎಂಬ ಮಾನದಂಡವಾಗಿ ಬಂದಿತು. ಅದರಂತೆ ಪ್ರತಿಯೊಂದು ಭಾಗಕ್ಕೂ ತನ್ನದೇ ಸ್ಮೃತಿಕೋಶ, ತನ್ನದೇ ಕಾಲಾಂಶ. ಒಂದು ಕೆಟ್ಟು ನಿಂತರೂ ಇನ್ನೊಂದರ ಸರದಿ ತಪ್ಪುವುದಿಲ್ಲ. 2005ರ ಡಿ.ಓ.-297 ಮಾರ್ಗದರ್ಶಿಯು ಹೀಗೆ ಕಟ್ಟಿದ ವ್ಯವಸ್ಥೆಯನ್ನು ಭಾಗಭಾಗವಾಗಿ ಅಂಗೀಕರಿಸುವ ದಾರಿಯನ್ನು ತೋರಿಸಿತು. ಪ್ರಮಾಣೀಕರಣ ಸರಳವಾಗುವುದು ಇಲ್ಲಿಯೇ. ಗೋಡೆಯನ್ನು ಅತ್ಯುನ್ನತ ದರ್ಜೆಯಲ್ಲಿ ಒಮ್ಮೆ ಪರೀಕ್ಷಿಸಿದರೆ, ಗೂಢಲಿಪಿಯ ಅಂಕಣದೊಳಗೆ ಬದಲಾವಣೆಯಾದಾಗ ಹಾರಾಟದ ಅಂಕಣವನ್ನು ಮೊದಲಿನಿಂದ ಪರೀಕ್ಷಿಸಬೇಕಾಗುವುದಿಲ್ಲ. ಪರೀಕ್ಷಕನು ಟವೆಲಿನ ಅಡಿಗೆ ಕೈಹಾಕದೆಯೇ ಹಲ್ಲನ್ನು ಎಣಿಸಬಲ್ಲನು.

ಇಷ್ಟಕ್ಕೇ ತೃಪ್ತಿಪಡುವುದು ಸರಿಯಲ್ಲ. ಇಂತಹ ಬೇರ್ಪಡಿಕೆಯ ತಂತ್ರಾಂಶಗಳಿಗಾಗಿ ಅಮೆರಿಕ 2007ರಲ್ಲಿ ಭದ್ರತೆಯ ಮಾನದಂಡವೊಂದನ್ನು ಹೊರಡಿಸಿತು. ವಿಮಾನಗಳಲ್ಲಿ ಬಳಕೆಯಲ್ಲಿದ್ದ ಇಂಟೆಗ್ರಿಟಿ-178ಬಿ ಎಂಬ ತಂತ್ರಾಂಶ 2008ರಲ್ಲಿ ಅದರಲ್ಲಿ ಉತ್ತೀರ್ಣವೂ ಆಯಿತು. ಆದರೆ 2011ರಲ್ಲಿ ಆ ಮಾನದಂಡವನ್ನೇ ಕೈಬಿಡಲಾಯಿತು. ಗೋಡೆಯೊಂದೇ ಗಟ್ಟಿಯಾಗಿದ್ದ ಮಾತ್ರಕ್ಕೆ ಇಡೀ ಮನೆ ಸುರಕ್ಷಿತವೆಂದು ಭರವಸೆ ಕೊಡಲಾಗದೆಂಬುದು ಕೊಟ್ಟ ಕಾರಣದ ತಿರುಳು. ಪ್ರಮಾಣಪತ್ರವನ್ನು ಗುರಿಯೆಂದೇ ಭಾವಿಸುವವರು ಈ ಪ್ರಸಂಗವನ್ನು ಗಮನಿಸಬೇಕೆಂದು ತೋರುತ್ತದೆ.

ಭಾರತದಲ್ಲಿ ಈ ಸಮಸ್ಯೆಗೆ ಇನ್ನೊಂದು ಮುಖವಿದೆ. ಓಲೆಯೂ ನಮ್ಮದಲ್ಲದೆ ಮುದ್ರೆಯೂ ನಮ್ಮದಲ್ಲದಿದ್ದರೆ ಏನು ಮಾಡಬೇಕೆಂಬುದು ಆ ಮುಖ. 2011ರಿಂದ ವಾಯುಸೇನೆಗೆ ಬಂದ ಸಿ-130ಜೆ ಸಾಗಣೆ ವಿಮಾನಗಳಾಗಲಿ, 2013ರ ಮೇ ತಿಂಗಳಲ್ಲಿ ಅರಕ್ಕೋಣಂ ನೌಕಾನೆಲೆಗೆ ಮೊದಲು ಬಂದಿಳಿದ ಪಿ-8ಐ ಕಡಲಗಾವಲು ವಿಮಾನಗಳಾಗಲಿ ಅಮೆರಿಕದ ಗೂಢಲಿಪಿ ಸಾಧನಗಳಿಲ್ಲದೆಯೇ ಬಂದವು. ಆ ಸಾಧನಗಳನ್ನು ಕೊಡಲು ಅಮೆರಿಕ ಬಯಸಿದ ಒಪ್ಪಂದಕ್ಕೆ ಭಾರತ ಆಗ ಸಹಿ ಮಾಡಿರಲಿಲ್ಲ. ಪಿ-8ಐ ವಿಮಾನಕ್ಕೆ ಬೇಕಾದ ‘ಡೇಟಾ ಲಿಂಕ್-2’ ಎಂಬ ಸಂಪರ್ಕ ವ್ಯವಸ್ಥೆಯನ್ನು ಬೆಂಗಳೂರಿನಲ್ಲಿ ಕೇಂದ್ರವಿರುವ ಬಿ.ಇ.ಎಲ್. ಸಂಸ್ಥೆ ತಯಾರಿಸಿ 2010ರಲ್ಲಿ ಬೋಯಿಂಗ್ ಕಂಪನಿಗೆ ಒಪ್ಪಿಸಿತು. ಪಿ-8ರ ಮೈಕಟ್ಟು ಬೋಯಿಂಗ್-737 ಪ್ರಯಾಣಿಕ ವಿಮಾನದಿಂದ ಬಂದುದು. ವಿಮಾನದ ಒಡಲು ಒಂದು ದೇಶದ್ದು, ಅದರೊಳಗಿನ ಗುಟ್ಟಿನ ಮಾತು ಇನ್ನೊಂದು ದೇಶದ್ದು. ಗುಟ್ಟಿನ ಭಾಗವನ್ನು ಬೇರ್ಪಡಿಸಿಡಲು ಸಾಧ್ಯವಿದ್ದುದರಿಂದಲೇ ಇಂತಹ ಕೂಡಿಕೆ ನಡೆಯಿತೆಂಬುದು ಗಮನಾರ್ಹ. ಮುಂದೆ 2018ರ ಸೆಪ್ಟೆಂಬರ್ 6ರಂದು ದೆಹಲಿಯಲ್ಲಿ ಕಾಮ್‌ಕಾಸಾ ಎಂಬ ಒಪ್ಪಂದಕ್ಕೆ ಎರಡೂ ದೇಶಗಳು ಸಹಿಹಾಕಿ, ಅಮೆರಿಕದ ಗೂಢಲಿಪಿ ಪೆಟ್ಟಿಗೆಗಳು ಬರುವ ದಾರಿ ತೆರೆಯಿತು. ಒಪ್ಪಂದದ ಪೂರ್ಣ ಪಾಠ ಬಹಿರಂಗವಾಗಿಲ್ಲ. ಇಂತಹ ಪೆಟ್ಟಿಗೆಗಳು ಮೊಹರು ಮಾಡಿಕೊಂಡೇ ಬರುತ್ತವೆ. ನಮ್ಮ ಪರೀಕ್ಷಕರಿಗೆ ಅವುಗಳ ಒಳಗು ಕಾಣದು; ಅಂಚುಗಳನ್ನು ಮಾತ್ರ ಪರೀಕ್ಷಿಸಬಹುದು. ಚಂದ್ರಹಾಸನ ಸ್ಥಿತಿಯೂ ಅದೇ ಆಗಿತ್ತು.

ಪ್ರಮಾಣೀಕರಣವನ್ನು ಹಗುರಗೊಳಿಸುವ ಯತ್ನ ದೇಶದೊಳಗೂ ನಡೆದಿದೆ. ಸೈನಿಕ ವಿಮಾನ ಸಾಮಗ್ರಿಗಳ ವಿನ್ಯಾಸ ಮತ್ತು ಉತ್ಪಾದನೆಗೆ 2002ರಿಂದ ಆಧಾರವಾಗಿದ್ದ ಕಾರ್ಯವಿಧಾನದ ಸ್ಥಾನವನ್ನು ಇಮ್‌ಟಾರ್-21 ಎಂಬ ಹೊಸ ನಿಯಮಾವಳಿ ಪಡೆಯಿತು. ಯೋಗ್ಯವೆಂದು ಕಂಡ ವಿನ್ಯಾಸ ಸಂಸ್ಥೆಗಳಿಗೆ ಮಾನ್ಯತೆ ನೀಡಿ, ಕೆಲಮಟ್ಟಿನ ಹೊಣೆಯನ್ನು ಅವುಗಳಿಗೇ ವಹಿಸುವ ವ್ಯವಸ್ಥೆ ಈ ಸುಧಾರಣೆಯ ಭಾಗ. ದಲ್ಲಾಳಿಯೇ ಹಲ್ಲನ್ನೂ ಎಣಿಸಿ ಹೇಳಲಿ ಎಂಬಂತಾಗುವ ಅಪಾಯ ಇದರಲ್ಲಿಲ್ಲವೆಂದು ಹೇಳಲಾರೆ. ಹಾಗೆಂದು ಎಲ್ಲವನ್ನೂ ಒಂದೇ ಕಚೇರಿಯ ಮೇಜಿನ ಮೇಲೆ ಹಾಯಿಸುವುದೂ ಕಾರ್ಯಸಾಧ್ಯವಲ್ಲ.

ಇಲ್ಲಿಯವರೆಗಿನ ವಿವೇಚನೆ ಗುಟ್ಟನ್ನೂ ಕ್ಷೇಮವನ್ನೂ ಬೇರ್ಪಡಿಸಬಹುದೆಂಬ ನಂಬಿಕೆಯ ಮೇಲೆ ನಿಂತಿದೆ. ಆದರೆ ಚಂದ್ರಹಾಸನ ಕಥೆ ಓಲೆಯೊಡನೆ ಮುಗಿಯುವುದಿಲ್ಲ. ಓಲೆಯ ತಂತ್ರ ಕೈಕೊಟ್ಟ ಮೇಲೆ ದುಷ್ಟಬುದ್ಧಿ ಊರ ಹೊರಗಿನ ಚಂಡಿಕಾಲಯದಲ್ಲಿ ಕೊಲೆಗಾರರನ್ನು ಇರಿಸಿ, ಪೂಜೆಗೆ ಬಂದವನನ್ನು ಕೊಲ್ಲಬೇಕೆಂದು ಆಜ್ಞೆ ಮಾಡುತ್ತಾನೆ. ಚಂದ್ರಹಾಸನಿಗೆ ಬದಲಾಗಿ ಅಲ್ಲಿಗೆ ಹೋದವನು ಮದನ. ಅವರು ಆಜ್ಞೆಯಂತೆ ನಡೆದುಕೊಂಡು ಮಂತ್ರಿಯ ಮಗನನ್ನೇ ಕೊಲ್ಲುತ್ತಾರೆ. ಈ ಭಾಗವನ್ನು ಪಾಪದ ಫಲವೆಂದು ಹೇಳಿ ಮುಂದೆ ಸಾಗುವುದು ರೂಢಿ. ನನಗೆ ಇದು ಓಲೆಯ ಪ್ರಸಂಗಕ್ಕಿಂತ ಹೆಚ್ಚು ಕಾಡುವ ಭಾಗ. ಬಂದವನು ತಮ್ಮವನೋ ಪರರವನೋ ಎಂದು ಕೇಳಿ ತಿಳಿಯುವ ಸಂಕೇತ ಅವರಲ್ಲಿರಲಿಲ್ಲ.

ವಿಮಾನಗಳಲ್ಲಿ ಈ ಸಂಕೇತದ ಕೆಲಸವನ್ನು ಮಿತ್ರ-ಶತ್ರು ಗುರುತಿನ ಸಾಧನ, ಅಂದರೆ ಐ.ಎಫ್.ಎಫ್., ಮಾಡುತ್ತದೆ. ನೆಲದಿಂದ ಗೂಢಲಿಪಿಯಲ್ಲಿ ಪ್ರಶ್ನೆ ಹೋಗುತ್ತದೆ. ಸರಿಯಾದ ಕೀಲಿಯಿರುವ ವಿಮಾನ ಮಾತ್ರ ಸರಿಯಾದ ಉತ್ತರ ಕೊಡಬಲ್ಲದು. ಇದೇ ಸಾಧನ ನಾಗರಿಕ ವಾಯುಸಂಚಾರ ನಿಯಂತ್ರಕರ ತೆರೆದ ಪ್ರಶ್ನೆಗಳಿಗೂ ಉತ್ತರಿಸಬೇಕು. ಆದ್ದರಿಂದ ಅಮೆರಿಕದ ಹಳೆಯ ಮಾರ್ಕ್-12 ವ್ಯವಸ್ಥೆಯಲ್ಲಿ ಗೂಢಲಿಪಿಯ ಗಣಕವನ್ನು ಪ್ರತ್ಯೇಕ ಪೆಟ್ಟಿಗೆಯಲ್ಲಿಟ್ಟು, ಉತ್ತರಿಸುವ ಸಾಧನಕ್ಕೆ ಜೋಡಿಸಲಾಗುತ್ತಿತ್ತು. ಪೆಟ್ಟಿಗೆ ಬೇರೆಯಾದರೂ ಇಲ್ಲಿ ಗುಟ್ಟನ್ನು ಕ್ಷೇಮದಿಂದ ಬಿಡಿಸುವಂತಿಲ್ಲ. ಗುಟ್ಟಿನ ಉತ್ತರವೇ ಇಲ್ಲಿ ಪ್ರಾಣವನ್ನು ಕಾಯುವುದು. ಗೂಢಲಿಪಿಯ ಕೀಲಿ ಅಳಿಸಿಹೋದರೆ ಹಾರಾಟದ ಗಣಕಕ್ಕೆ ಏನೂ ಆಗದು, ರೆಕ್ಕೆ ಸರಿಯಾಗಿರುತ್ತದೆ, ಇಂಜಿನ್ ಓಡುತ್ತಿರುತ್ತದೆ, ಆದರೂ ವಿಮಾನ ಬೀಳಬಹುದು.

2019ರ ಫೆಬ್ರುವರಿ 27ರಂದು ಕಾಶ್ಮೀರದ ಬಡಗಾಮ್ ಬಳಿ ವಾಯುಸೇನೆಯ ಎಂಐ-17 ಹೆಲಿಕಾಪ್ಟರ್ ನಮ್ಮದೇ ಕ್ಷಿಪಣಿಗೆ ತುತ್ತಾಗಿ ವಾಯುಸೇನೆಯ ಆರು ಮಂದಿಯೂ ನೆಲದಲ್ಲಿದ್ದ ಒಬ್ಬ ನಾಗರಿಕನೂ ಮೃತರಾದರು. ಅದು ತಮ್ಮಿಂದಾದ ದೊಡ್ಡ ತಪ್ಪೆಂದು ಆಗಿನ ವಾಯುಸೇನಾ ಮುಖ್ಯಸ್ಥರು ಅದೇ ವರ್ಷದ ಅಕ್ಟೋಬರ್ 4ರಂದು ಬಹಿರಂಗವಾಗಿ ಒಪ್ಪಿಕೊಂಡರು. ಹೆಲಿಕಾಪ್ಟರಿನ ಗುರುತಿನ ಸಾಧನ ಆಗ ಚಾಲನೆಯಲ್ಲಿರಲಿಲ್ಲವೆಂದು ವಿಚಾರಣೆಯನ್ನು ಕುರಿತ ಪತ್ರಿಕಾ ವರದಿಗಳು ತಿಳಿಸಿದವು. ಹಾರಾಟಯೋಗ್ಯತೆಯ ಯಾವ ಪರೀಕ್ಷೆಯೂ ಆ ದಿನದ ಹಾರಾಟವನ್ನು ತಡೆಯುತ್ತಿರಲಿಲ್ಲ; ಯಂತ್ರ ಸುಸ್ಥಿತಿಯಲ್ಲಿಯೇ ಇತ್ತು. ಸಾಧನದಲ್ಲಿ ಕೀಲಿಯಿದೆಯೆ, ಅದು ಆ ದಿನದ ಕೀಲಿಯೆ, ಸಾಧನ ಚಾಲನೆಯಲ್ಲಿದೆಯೆ ಎಂಬುದನ್ನು ನೋಡುವ ಕೆಲಸ ಎರಡು ಅಂಕಣಗಳ ನಡುವಣ ಗೋಡೆಯ ಮೇಲೆ ನಿಂತಿದೆ. ಅದನ್ನು ಗೂಢಲಿಪಿಯ ಪರೀಕ್ಷಕ ತನ್ನದೆಂದು ಭಾವಿಸಬೇಕೋ ಹಾರಾಟದ ಪರೀಕ್ಷಕ ತನ್ನದೆಂದು ಭಾವಿಸಬೇಕೋ ಎಂಬುದು ವಿನ್ಯಾಸದ ಹಂತದಲ್ಲಿಯೇ ಬರೆದಿಡಬೇಕಾದ ಸಂಗತಿ. 2014ರ ಡಿ.ಓ.-326ಎ ಮಾರ್ಗದರ್ಶಿ ನಾಗರಿಕ ವಿಮಾನಗಳ ಮಟ್ಟಿಗೆ ಭದ್ರತೆಯ ಲೋಪವನ್ನು ಹಾರಾಟಯೋಗ್ಯತೆಯ ಲೋಪವೆಂದೇ ಎಣಿಸುವ ಹೆಜ್ಜೆಯನ್ನು ಇಟ್ಟಿದೆ.

ಕುಬಟೂರಿನ ಕಥೆಯಲ್ಲಿ ಚಂದ್ರಹಾಸನ ಪ್ರಾರ್ಥನೆಗೆ ದೇವಿ ಒಲಿದು ಮದನನನ್ನೂ, ಮಗನ ಸಾವನ್ನು ಕಂಡು ಪ್ರಾಣಬಿಟ್ಟ ದುಷ್ಟಬುದ್ಧಿಯನ್ನೂ ಬದುಕಿಸುತ್ತಾಳೆ. ಬಡಗಾಮಿನಲ್ಲಿ ಹಾಗಾಗಲಿಲ್ಲ.